ಒಳಮುಖದ ರೇಷ್ಮೆ

ಫೆಬ್ರವರಿ ೩, ಸೋಮವಾರ

ಪೂಜಾವಸ್ತ್ರ ಬಂತು. ಬಂತು ಅನ್ನುವುದಕ್ಕಿಂತ ನಾನೇ ಕಾನ್ವೆಂಟಿಗೆ ಹೋಗಿ ತಂದೆ. ಮ್ಯೂಸಿಯಮ್ಮಿನ ವ್ಯಾನಿನಲ್ಲಿ ಉದ್ದನೆಯ ಚಪ್ಪಟೆ ಪೆಟ್ಟಿಗೆ, ಅದರ ಪಕ್ಕದಲ್ಲಿ ನಾನು, ರಸ್ತೆಯ ಪ್ರತಿ ಉಬ್ಬಿಗೂ ಪೆಟ್ಟಿಗೆಯನ್ನು ಒತ್ತಿ ಹಿಡಿದುಕೊಂಡು. "ಒಳಗಡೆ ಯಾರಾದ್ರೂ ಮಲಗಿದಾರಾ ಮೇಡಂ?" ಎಂದು ಡ್ರೈವರ್ ಕೇಳಿದ. "ಹೂಂ, ನಿಧಾನ" ಎಂದೆ.

ಇಡೀ ದಿನ ಇಂಗ್ಲಿಷಿನಲ್ಲಿ ವರದಿ ಬರೆಯುವವಳಿಗೆ ಇಲ್ಲಿ ಬರೆಯುವುದು ಚಪ್ಪಲಿ ಕಳಚಿಟ್ಟ ಹಾಗೆ. ವರದಿಯಲ್ಲಿ ಬರೆದದ್ದು ಇಷ್ಟು: ಬಿಳಿ ರೇಷ್ಮೆಯ ಪೂಜಾವಸ್ತ್ರ, ಚರ್ಚಿನ ಗುರುಗಳು ಪೂಜೆಯ ವೇಳೆ ಎಲ್ಲಕ್ಕಿಂತ ಮೇಲೆ ತೊಡುವಂಥದ್ದು, ತಲೆ ತೂರಿಸಲು ನಡುವೆ ಕಂಡಿ, ಹಿಂದೆ ಮುಂದೆ ಮೊಣಕಾಲಿನವರೆಗೆ ಇಳಿಬೀಳುತ್ತದೆ, ಬೆನ್ನಿನ ಮೇಲೆ ಜರಿಯ ಶಿಲುಬೆ, ಹೊರಬಟ್ಟೆ ಗಟ್ಟಿ, ಒಳಬಟ್ಟೆ ದುರ್ಬಲ. ವರದಿಯಲ್ಲಿ ಬರೆಯದೆ ಬಿಟ್ಟದ್ದು: ಇದನ್ನು ಹೊಲಿದವಳು ನನ್ನ ದೊಡ್ಡಮ್ಮ.

ಅಮ್ಮನ ಅಕ್ಕ. ಇಪ್ಪತ್ತು ತುಂಬುವ ಹೊತ್ತಿಗೆ ಕನ್ಯಾಸ್ತ್ರೀಯಾದವಳು. ನಮ್ಮ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ನಾನೂ ಗುಬ್ಬಿಯೂ ಒಂದೇ ಬೆಂಚಿನಲ್ಲಿ ಕೂತು ಅವಳಿಂದ ಬೆರಳ ಗಿಣ್ಣಿನ ಮೇಲೆ ಪೆಟ್ಟು ತಿಂದವರು. ಈಗ ನಾನು ಮ್ಯೂಸಿಯಮ್ಮಿನಲ್ಲಿ ಹಳೆಯ ಬಟ್ಟೆಗಳನ್ನು ಉಳಿಸುವ ಕೆಲಸದವಳು. ಗುಬ್ಬಿ ಅಲ್ಲಿಯೇ ಪ್ರದರ್ಶನಗಳ ಮುಖ್ಯಸ್ಥೆ. ಮೀಟಿಂಗಿನಲ್ಲಿ ಅವಳನ್ನು ಮೇಡಂ ಅನ್ನುತ್ತೇನೆ, ಹೊರಗೆ ಬಂದರೆ ಗುಬ್ಬಿ. ಅವಳು ಎಲ್ಲಿದ್ದರೂ ನನ್ನನ್ನು ಸೂಜಿ ಅನ್ನುತ್ತಾಳೆ.

ಆ ಕಾನ್ವೆಂಟಿನಲ್ಲೊಂದು ಪದ್ಧತಿಯಿತ್ತು. ವ್ರತ ತೆಗೆದುಕೊಳ್ಳುವ ದಿನ ಹುಡುಗಿ ಮದುಮಗಳ ಉಡುಪಿನಲ್ಲಿ ಪೀಠದ ಮುಂದೆ ಬಂದು, ಆಮೇಲೆ ಅದನ್ನು ಕಳಚಿ ಸನ್ಯಾಸದ ಬಟ್ಟೆ ತೊಡುತ್ತಿದ್ದಳು. ಕಳಚಿದ ಉಡುಪನ್ನು ಬಿಚ್ಚಿ, ಅವಳೇ ಒಂದು ಪೂಜಾವಸ್ತ್ರಕ್ಕೆ ಒಳಬಟ್ಟೆಯಾಗಿ ಹೊಲಿಯಬೇಕು. ಎಷ್ಟೋ ವರ್ಷದ ಮೇಲೆ ಅವಳು ತೀರಿಕೊಂಡಾಗ, ಅವಳ ಅಂತ್ಯದ ಪೂಜೆಗೆ ಗುರುಗಳು ತೊಡುವುದು ಅದನ್ನೇ. ಪದ್ಧತಿ ನಿಂತು ಬಹಳ ಕಾಲವಾಯಿತು. ಅಲಮಾರಿಯಲ್ಲಿ ಉಳಿದಿದ್ದದ್ದು ದೊಡ್ಡಮ್ಮನದೊಂದೇ.

ಕೊಡುವಾಗ ಅವಳು ಒಂದೇ ಷರತ್ತು ಹಾಕಿದಳು. "ನಾನು ಹೋದ ದಿನ ತಂದ್ಕೊಡ್ಬೇಕು. ಆವತ್ತು ನಿಮ್ಮ ಗಾಜಿನ ಪೆಟ್ಟಿಗೆಗೆ ರಜ."

"ಗುಬ್ಬಿ ಒಪ್ಪಿದಾಳೆ ದೊಡ್ಡಮ್ಮ."

"ಯಾರು, ಅವಳಾ? ಕಾಜ ಹೊಲಿಯೋಕೆ ಬರದೆ ನಿನ್ನ ಕಾಜ ತೋರಿಸಿ ಮಾರ್ಕ್ಸ್ ತಗೊಂಡವಳು."

ಆಮೇಲೆ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಆಚೆ ಹೋದದ್ದು ನೋಡಿ ದನಿ ತಗ್ಗಿಸಿದಳು. ಒಳಬಟ್ಟೆಯ ಚೆಂದದ ಮುಖವನ್ನು ಒಳಗಡೆಗೇ ತಿರುಗಿಸಿ ಹೊಲಿದಿದೆಯಂತೆ, ಎರಡು ಬಟ್ಟೆಯ ನಡುವೆ. ತೊಟ್ಟ ಗುರುಗಳಿಗೂ ಕಾಣುವುದು ಅದರ ಹಿಂಬದಿ ಮಾತ್ರ. ಎಲ್ಲರೂ ಹಾಗೆಯೇ ಹೊಲಿಯುತ್ತಿದ್ದರು.

"ಯಾಕೆ ಹಾಗೆ?"

"ಮದುಮಗಳು ಇನ್ಮೇಲೆ ಜನಕ್ಕೆ ಮುಖ ತೋರಿಸೋದಿಲ್ಲ, ಅಷ್ಟೇ. ನಿನ್ನ ಕೈಗೆ ಹೇಗಿದ್ರೂ ಗೊತ್ತಾಗುತ್ತೆ ಅಂತ ಹೇಳ್ತಿದೀನಿ. ಬಾಯಿಗೆ ಗೊತ್ತಾಗ್ಬಾರ್ದು."

ಫೆಬ್ರವರಿ ೧೧

ಒಳಬಟ್ಟೆ ನಾನು ಎಣಿಸಿದ್ದಕ್ಕಿಂತ ಹಳೆಯದು. ಅಮ್ಮನನ್ನು ಕೇಳಿದೆ. "ಅದು ನಮ್ಮಮ್ಮನ ಮದುವೆ ರೇಷ್ಮೆ ಕಣೇ. ಅಕ್ಕನ ಮದುವೆಗೆ ಅಂತ ಎತ್ತಿಟ್ಟಿದ್ರು. ಅವಳು ಯಾರನ್ನ ಮದುವೆಯಾದ್ಲು ನೋಡು" ಎಂದು ನಕ್ಕಳು. ಆ ಕಾಲದ ರೇಷ್ಮೆಗೆ ತೂಕ ಬರಲೆಂದು ಲೋಹದ ಉಪ್ಪು ಕುಡಿಸುತ್ತಿದ್ದರು. ಅಂಥ ಬಟ್ಟೆ ಯಾರೂ ಮುಟ್ಟದಿದ್ದರೂ ಮಡಿಕೆಗಳಲ್ಲಿ ತಾನಾಗಿಯೇ ಸೀಳುತ್ತ ಹೋಗುತ್ತದೆ.

ಅದಕ್ಕೆ ಆಸರೆಯಾಗಿ ಒಳಗೆ ತೆಳುವಾದ ಜಾಲರಿ ತೂರಿಸಬೇಕು. ದೊಡ್ಡಮ್ಮನನ್ನು ಫೋನಿನಲ್ಲಿ ಕೇಳಿ, ಅವಳು ಹೂಂ ಅಂದ ಮೇಲೆ, ಅಂಚಿನಲ್ಲಿ ಒಂದು ಗೇಣಷ್ಟು ಹೊಲಿಗೆ ಬಿಚ್ಚಿದೆ. ಒಂದೊಂದು ಹೊಲಿಗೆಗೂ ಒಂದು ಗಂಟು. ಬಿಚ್ಚುವಾಗ ಅವಳ ಕೈ ನನ್ನ ಕೈಯನ್ನು ತಳ್ಳುತ್ತಿದ್ದಂತಿತ್ತು.

ಒಳಗೆ ಹೂವುಗಳು. ಬಿಳಿಯ ಮೇಲೆ ಬಿಳಿ ನೂಲಿನವು, ಕಿರುಬೆರಳ ಉಗುರಿನಷ್ಟು ಸಣ್ಣವು. ಅಷ್ಟು ವರ್ಷ ಬೆಳಕೇ ಬೀಳದ್ದರಿಂದ ನಿನ್ನೆ ಹಾಕಿದ ಕಸೂತಿಯಂತಿವೆ. ದೀಪ ಸರಿಸಿ ನೋಡುತ್ತ ಎಷ್ಟು ಹೊತ್ತು ಕೂತೆನೋ.

ಗುಬ್ಬಿ ಚಹಾ ಹಿಡಿದು ಬಂದಳು. ಲೋಟ ಬಾಗಿಲಾಚೆ ಇಟ್ಟು (ಇದೊಂದು ನಿಯಮ ಅವಳು ಮುರಿಯುವುದಿಲ್ಲ) ಒಳಗೆ ಇಣುಕಿದಳು. "ಏನೇ ಸೂಜಿ, ಮುಖ ದೀಪ ಹಚ್ಚಿದ ಹಾಗಿದೆ?" ನಾನು ಹೇಳಿದೆ. ಫೋನಿನಲ್ಲಿ ತೆಗೆದಿದ್ದ ಚಿತ್ರವನ್ನೂ ತೋರಿಸಿದೆ. ಮದುಮಗಳು ಜನಕ್ಕೆ ಮುಖ ತೋರಿಸುವುದಿಲ್ಲ ಅನ್ನುವ ಮಾತನ್ನೂ ಹೇಳಿದೆ. ಅವಳು ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ಇಷ್ಟು ಚೆಂದ ಮಾಡಿ ಒಳಗೆ ಮುಚ್ಚಿಡೋದಾ" ಎಂದಳು ಕೊನೆಗೆ.

ಹೇಳಬಾರದಿತ್ತೇ? ಆದರೆ ಗುಬ್ಬಿಗೆ ಹೇಳಿದರೆ ಹೊರಗಿನವರಿಗೆ ಹೇಳಿದ ಹಾಗಲ್ಲ. ಚಿಕ್ಕಂದಿನಿಂದ ನಾವಿಬ್ಬರೂ ಹೀಗೆಯೇ.

ಫೆಬ್ರವರಿ ೧೯

ಮೀಟಿಂಗ್. ನಿರ್ದೇಶಕರು ಮೇಜಿನಾಚೆಯಿಂದ ಕೇಳಿದರು: "ಈ ವಸ್ತುವನ್ನ ಮತ್ತೆ ಯಾರಾದ್ರೂ ತೊಡಬಹುದಾ?"

"ಇಲ್ಲ ಸರ್. ತೊಟ್ಟರೆ ಒಳಬಟ್ಟೆ ಭುಜದಲ್ಲಿ ಸೀಳುತ್ತೆ."

ಕೇಳಿದ್ದಕ್ಕೆ ಉತ್ತರ ಕೊಟ್ಟೆ. ನಿಜವಾದ ಉತ್ತರ. ಹೊರಗೆ ಬಂದ ಮೇಲೆ ನೆನಪಾಯಿತು. ದೊಡ್ಡಮ್ಮನ ದಿನಕ್ಕೆ ಅದು ಬೇಕಲ್ಲ? ಗುಬ್ಬಿಯನ್ನು ಮೆಟ್ಟಿಲ ಬಳಿ ನಿಲ್ಲಿಸಿದೆ.

"ಅಯ್ಯೋ, ಆ ದಿನ ಬಂದಾಗ ನೋಡೋಣ ಬಿಡೇ. ಒಂದರ್ಧ ಗಂಟೆ ಹೆಗಲ ಮೇಲೆ ಹೊದಿಸಿದ್ರೆ ಆಯ್ತಪ್ಪ. ನಾನಿದೀನಲ್ಲ."

ಅವಳಿದ್ದಾಳೆ. ಸರಿ.

ಮಾರ್ಚ್ ೬, ಗುರುವಾರ

ದೊಡ್ಡಮ್ಮ ಬಚ್ಚಲಲ್ಲಿ ಬಿದ್ದಿದ್ದಾಳೆ. ಸೊಂಟದ ಮೂಳೆ. ಈ ವಯಸ್ಸಿಗೆ ಆಪರೇಷನ್ ಬೇಡ ಅಂದಿದ್ದಾರೆ ಡಾಕ್ಟರು. ರಜ ಹಾಕಿ ಕಾನ್ವೆಂಟಿನ ರೋಗಿಗಳ ಕೋಣೆಯಲ್ಲಿ ಇದ್ದೇನೆ. ಗೋಡೆಗೆ ಹಸಿರು ಬಣ್ಣ, ಕಬ್ಬಿಣದ ಮಂಚ, ಕಿಟಕಿಯಲ್ಲಿ ಒಗೆದು ಒಣಹಾಕಿದ ಹತ್ತಾರು ಒಂದೇ ತರದ ಬಿಳಿ ತಲೆವಸ್ತ್ರಗಳು.

ಮಾತಿಗೆ ಸ್ವಲ್ಪವೂ ಮುರಿತವಿಲ್ಲ. "ಬಿಚ್ಚಿದ್ದನ್ನ ಹೊಲಿದ್ಯಾ?" ಎಂದು ಕೇಳಿದಳು.

"ಜಾಲರಿ ಹಾಕಿ ಆಯ್ತು ದೊಡ್ಡಮ್ಮ. ಅಂಚು ಮುಚ್ಚೋದಿದೆ. ನೀನು ಬಿದ್ದೆ ಅಂತ ಹಾಗೇ ಪಿನ್ ಚುಚ್ಚಿಟ್ಟು ಬಂದೆ."

"ಮುಚ್ಚುವಾಗ ಗಂಟು ಹಾಕು."

ನಮ್ಮ ಕೆಲಸದಲ್ಲಿ ಗಂಟು ಹಾಕುವಂತಿಲ್ಲ ಎಂದು ಮತ್ತೆ ವಿವರಿಸಿದೆ. ಗಂಟು ಹಳೆಯ ಎಳೆಗಳನ್ನು ಜಗ್ಗುತ್ತದೆ. ಅಲ್ಲದೆ ನಾವು ಹಾಕಿದ ಹೊಲಿಗೆಯನ್ನು ನಾಳೆ ಯಾರಾದರೂ ಬಿಚ್ಚಬೇಕೆಂದರೆ ಸುಲಭವಾಗಿ ಬಿಚ್ಚಲು ಬರಬೇಕು. ಅದೇ ನಮ್ಮ ಮೊದಲ ನಿಯಮ.

ದೊಡ್ಡಮ್ಮ ಚಾವಣಿ ನೋಡುತ್ತ ಕೇಳಿಸಿಕೊಂಡಳು. "ಬಿಚ್ಚೋಕೆ ಅಂತಾನೇ ಹೊಲಿಯೋದು. ಒಳ್ಳೇ ಕೆಲಸ" ಎಂದಳು. "ಶಾಲೆಯಲ್ಲೂ ಹೀಗೇ. ಎಲ್ಲಾ ಸೊಗಸಾಗಿ ಹೊಲಿದು ಕೊನೇಲಿ ಗಂಟು ಮರೀತಿದ್ದೆ."

ಮಾರ್ಚ್ ೧೪, ಶುಕ್ರವಾರ

ಬರೆಯಲು ಕೂತು ಬಹಳ ಹೊತ್ತಾಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಇವತ್ತು ಪ್ರದರ್ಶನದ ಉದ್ಘಾಟನೆ. ದೊಡ್ಡಮ್ಮ "ಹೋಗಿ ನಿನ್ನ ಕೆಲಸ ನೋಡ್ಕೊಂಡು ಬಾ" ಎಂದು ತಳ್ಳಿದ್ದರಿಂದ ನೇರವಾಗಿ ಅಲ್ಲಿಗೇ ಹೋದೆ. ಮಂದ ಬೆಳಕು. ಗಾಜಿನ ಹಿಂದೆ ಬಿಷಪ್ಪರ ಜರಿಯ ಹೊದಿಕೆಗಳು, ಕೈಗವಸು, ರೇಷ್ಮೆಯ ಪಾದರಕ್ಷೆ, ಕನ್ಯಾಸ್ತ್ರೀಯರ ಕಪ್ಪು ನಿಲುವಂಗಿ. ಪ್ರತಿಯೊಂದನ್ನೂ ನಾನೇ ಒರೆಸಿ, ಆಸರೆ ಕೊಟ್ಟು, ಬೆಳಕು ಅಳೆದು ಇಟ್ಟದ್ದು. ನಡುವೆ, ಜನರೆಲ್ಲ ಗುಂಪುಗೂಡಿದ್ದಲ್ಲಿ, ತಲೆಯಿಲ್ಲದ ಗೊಂಬೆಯ ಮೇಲೆ ಬಿಳಿಯದೇನೋ ಇತ್ತು. ಗುರುತೇ ಹತ್ತಲಿಲ್ಲ. ಹತ್ತಿರ ಹೋದ ಮೇಲೆ ಹೂವುಗಳು ಕಂಡವು.

ಅಂಚಿನ ಹೊಲಿಗೆಯನ್ನು ಪೂರ್ತಿ ಬಿಚ್ಚಿದ್ದಾರೆ. ನಾನು ಪಿನ್ ಚುಚ್ಚಿ ಬಿಟ್ಟು ಹೋದ ಗೇಣಿನಿಂದ ಶುರು ಮಾಡಿ ಸುತ್ತಲೂ. ಒಳಬಟ್ಟೆಯನ್ನು ಹೊರಗೆಳೆದು, ಮಗುಚಿ, ಚೆಂದದ ಮುಖ ಜನಕ್ಕೆ ಕಾಣುವಂತೆ ಹೊದಿಸಿದ್ದಾರೆ. ಜರಿಯ ಶಿಲುಬೆ ಎಲ್ಲೋ ಹಿಂದೆ, ಅಡಿಯಲ್ಲಿ. ಫಲಕದಲ್ಲಿ "ಒಳಗಿದ್ದ ಮದುಮಗಳು" ಎಂದು ದೊಡ್ಡ ಅಕ್ಷರ. ಕೆಳಗೆ ಸಣ್ಣ ಅಕ್ಷರದಲ್ಲಿ, ಸಂರಕ್ಷಣೆಯ ವೇಳೆ ಇದನ್ನು ಪತ್ತೆ ಹಚ್ಚಿದವರು ಎಂದು ನನ್ನ ಹೆಸರು. ಮುಂದೆ ದೊಡ್ಡಮ್ಮನ ಮಾತು, ಉದ್ಧರಣ ಚಿಹ್ನೆಗಳ ನಡುವೆ: ಮದುಮಗಳು ಇನ್ನು ಮೇಲೆ ಜನಕ್ಕೆ ಮುಖ ತೋರಿಸುವುದಿಲ್ಲ.

ಗುಬ್ಬಿಯನ್ನು ಸರಕು ಲಿಫ್ಟಿನ ಬಳಿ ಹಿಡಿದೆ. ಅವಳು ಹೊಸ ಬಟ್ಟೆ ತೊಟ್ಟಿದ್ದಳು, ಕಣ್ಣು ಹೊಳೆಯುತ್ತಿತ್ತು.

"ಯಾರು ಬಿಚ್ಚಿದ್ದು?"

"ಬೈಬೇಡ ಕಣೇ. ನೀನಿದ್ದಿದ್ರೆ ನಿನ್ನ ಕೈಲೇ ಮಾಡಿಸ್ತಿದ್ದೆ. ಗೊಂಬೆ ನಿಲ್ಲಿಸೋಕೆ ಬಂದ ಗೊಂಬೆಯಣ್ಣನೇ ಬಿಚ್ಚಿದ, ತುಂಬಾ ಹುಷಾರಾಗಿ."

"ನಾನಿದ್ದಿದ್ರೆ ಮಾಡ್ತಿರ್ಲಿಲ್ಲ."

"ಗೊತ್ತು" ಎಂದಳು. ಅಷ್ಟು ಸರಾಗವಾಗಿ.

ಆಮೇಲೆ ಅವಳು ಹೇಳಿದ್ದನ್ನೂ ಬರೆಯಬೇಕು, ಯಾಕೆಂದರೆ ಅದರಲ್ಲಿ ಸುಳ್ಳಿಲ್ಲ. "ಆ ಹಾಲ್ ಒಂದ್ಸಲ ಸುತ್ತಿ ಬಾ ಸೂಜಿ. ಇರೋದೆಲ್ಲ ಗಂಡಸರು ಹಾಕ್ಕೊಂಡ ಬಟ್ಟೆ. ಬಿಷಪ್ಪಿನ ಹೆಸರಿದೆ, ದಾನ ಕೊಟ್ಟ ಸಾಹುಕಾರನ ಹೆಸರಿದೆ. ಕಣ್ಣು ಕಳ್ಕೊಂಡು ಹೊಲಿದ ಹೆಂಗಸಿನ ಹೆಸರು ಎಲ್ಲಾದ್ರೂ ಇದ್ಯಾ? ನಿನ್ನ ದೊಡ್ಡಮ್ಮನ್ನ ನಾನು ಕತ್ತಲಿಂದ ಹೊರಗೆ ತಂದೆ. ನೀನು ಏನ್ಮಾಡ್ತಿದ್ದೆ? ನೀಟಾಗಿ ಮುಚ್ಚಿ ಇಡ್ತಿದ್ದೆ."

"ಅವಳು ಕೇಳಿದ್ದು ಅದನ್ನೇ."

"ಅವರಿಗೆ ಬೇರೆ ಏನ್ ಕೇಳೋಕೆ ಕಲಿಸಿದ್ರು ಹೇಳು?"

ನಾನು ಅಲ್ಲಿಂದ ನೇರ ಮನೆಗೆ ಬಂದೆ. ಆದರೆ ವಾದ ಮಾಡದೆ ಬಂದದ್ದೂ ಒಪ್ಪಿದ್ದೂ ಒಂದೇ ಅಲ್ಲವಲ್ಲ.

ಮಾರ್ಚ್ ೧೫

ಏನೂ ಇಲ್ಲ.

ಮಾರ್ಚ್ ೧೮

ಮದರ್ ಬಳಿ ಹೋದೆ. ಅವರು ಆಫೀಸಿನ ಮೇಜಿನ ಹಿಂದೆ ಕನ್ನಡಕ ಒರೆಸುತ್ತ ಕೂತಿದ್ದರು.

"ನೀವು ಹೇಗೆ ಒಪ್ಪಿದ್ರಿ ಮದರ್?"

"ನಾನಾ?" ನಿಜವಾಗಿ ಬೆರಗಾದರು. "ನೀನು ಒಪ್ಪಿದೀಯ ಅಂದಳಲ್ಲಮ್ಮ ಅವಳು. ಸಿಸ್ಟರ್ ಮಗಳ ಹಾಗಿರೋಳು ನೀನು, ನೀನೇ ಹೂಂ ಅಂದ ಮೇಲೆ ನಾನು ಯಾರು ಬೇಡ ಅನ್ನೋಕೆ?"

ನಾನು ಒಪ್ಪಿದ್ದೇನೆ ಎಂದು ಗುಬ್ಬಿ ಅವರಿಗೆ ಹೇಳಿದ್ದಾಳೆ. ಇದು ಉಳಿದ ಎಲ್ಲದಕ್ಕಿಂತ ಹೆಚ್ಚು ನೋಯುತ್ತಿದೆ, ಯಾಕೋ ತಿಳಿಯದು. ಬಿಚ್ಚಿದ್ದು ಬಟ್ಟೆಯನ್ನು. ಇದು ನನ್ನ ಬಾಯನ್ನೇ ಕಡ ತೆಗೆದುಕೊಂಡ ಹಾಗೆ. ಶಾಲೆಯಲ್ಲಿ ನನ್ನ ಕಾಜ ತೋರಿಸಿದಾಗಲೂ ಅವಳು ನನ್ನನ್ನು ಕೇಳಿರಲಿಲ್ಲ. ಆವಾಗ ನನಗದು ಸ್ನೇಹವೆನಿಸಿತ್ತು.

ದೊಡ್ಡಮ್ಮನ ಕೋಣೆಗೂ ಹೋದೆ. ನಿದ್ದೆಯಲ್ಲಿದ್ದಳು. ಏಳುವವರೆಗೆ ಕಾಯಲಿಲ್ಲ.

ಮಾರ್ಚ್ ೨೨, ಶನಿವಾರ

ಅಮ್ಮ ಹಟ ಹಿಡಿದದ್ದರಿಂದ ಪ್ರದರ್ಶನಕ್ಕೆ ಕರೆದುಕೊಂಡು ಹೋದೆ. "ನಮ್ಮಮ್ಮನ ರೇಷ್ಮೆ ನೋಡಿ ಎಷ್ಟು ವರ್ಷ ಆಯ್ತು. ಊರೋರೆಲ್ಲ ನೋಡ್ತಿರೋವಾಗ ನಾನು ಮನೇಲಿ ಕೂತಿರ್ಲಾ?" ಕೈಚೀಲವನ್ನು ಎದೆಗವಚಿಕೊಂಡು ಗಾಜಿನ ಮುಂದೆ ನಿಂತಳು. ನಾನು ಅವಳ ಮುಖ ನೋಡುತ್ತಿದ್ದೆ. ಕೋಪ ಬರುತ್ತದೆ ಎಂದುಕೊಂಡಿದ್ದೆ, ಬರಲಿ ಎಂದೂ ಬಯಸಿದ್ದೆ. ಅವಳು ನಗುತ್ತಿದ್ದಳು.

"ಎಷ್ಟು ಚೆಂದ ಇದೆ ನೋಡೇ. ಇಷ್ಟು ವರ್ಷ ಇದನ್ನ ಬಚ್ಚಿಟ್ಟಿದ್ಲಲ್ಲ ಇವಳು."

ಪಕ್ಕದಲ್ಲಿ ಒಬ್ಬ ಅಪರಿಚಿತ ಹೆಂಗಸು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಗುಬ್ಬಿ ಗೆದ್ದಿದ್ದಾಳೆ ಅನ್ನಿಸಿತು.

ಅಮ್ಮ ಬಗ್ಗಿ, ಸರಿದು, ಮತ್ತೆ ಬಗ್ಗಿ ಏನೋ ಹುಡುಕುತ್ತಿದ್ದಳು. "ನಂದೆಲ್ಲಿ?"

"ಏನು ನಿಂದು?"

"ನನ್ನ ಹೂವು. ಅಕ್ಕ ಈ ಹೂವು ಹಾಕ್ತಿರೋವಾಗ ನಂಗೆ ಆರೋ ಏಳೋ. ನಂಗೂ ಒಂದು ಕೊಡು ಅಂತ ಅತ್ತು ಹಟ ಮಾಡಿ ಹಾಕಿದ್ದೆ. ಸೊಟ್ಟ ಬಂತು. ಅಮ್ಮ ಬಿಚ್ಚು ಅಂದ್ಲು, ಅಕ್ಕ ಬಿಚ್ಚಲಿಲ್ಲ. ಎಡ ಭುಜದ ಹತ್ರ ಇತ್ತು."

ಎಡ ಭುಜದ ಮೇಲೆ ರೇಷ್ಮೆ ಸೀಳಿ, ಅಂಗೈ ಅಗಲದ ತುಂಡೊಂದು ಇಲ್ಲವಾಗಿತ್ತು. ಅಡಿಯಿಂದ ಗೊಂಬೆಯ ಹತ್ತಿಬಟ್ಟೆ ಕಾಣುತ್ತಿತ್ತು. ಅದೇ ಬಿಳಿ ಬಣ್ಣವಾದ್ದರಿಂದ ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ನಾನೇ ಅಲ್ಲಿಯವರೆಗೆ ನೋಡಿರಲಿಲ್ಲ.

"ಇಲ್ಲೇ ಎಲ್ಲೋ ಇರತ್ತೆ ಬಿಡಮ್ಮ" ಎಂದೆ.

ಮಾರ್ಚ್ ೨೫

ಗೊಂಬೆಯಣ್ಣ ನನ್ನ ಕೋಣೆಗೆ ಬಂದ. ಪ್ರದರ್ಶನಕ್ಕೆ ಬೇಕಾದ ಗೊಂಬೆ, ಆಸರೆ ಕಟ್ಟುವವನು. ಅವನ ಮಾತಿನಲ್ಲಿ ಹೇಳುವುದಾದರೆ, ಈ ಕಟ್ಟಡದಲ್ಲಿ ತಲೆಯಿಲ್ಲದವರ ಜೊತೆ ಸಂಬಳಕ್ಕೆ ಕೆಲಸ ಮಾಡುವ ಒಬ್ಬನೇ ಒಬ್ಬ, ನಿರ್ದೇಶಕರ ಕಾರ್ಯದರ್ಶಿಯನ್ನು ಬಿಟ್ಟರೆ. ಇವತ್ತು ಆ ಮಾತೂ ಆಡಲಿಲ್ಲ.

"ಬೇಜಾರು ಮಾಡ್ಕೊಬೇಡಿ ಅಕ್ಕ. ನಿಮಗೆ ಗೊತ್ತಿದೆ ಅಂತಾನೇ ತಿಳ್ಕೊಂಡಿದ್ದೆ. ಮಗುಚುವಾಗ ಇದು ಬಿತ್ತು. ಮೇಡಂ ಗಡಿಬಿಡಿಯಲ್ಲಿದ್ರು. ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ."

ಗುಂಡಿ ಹಾಕಿಡುವ ತಗಡಿನ ಡಬ್ಬಿ. ಒಳಗೆ ಹತ್ತಿಯ ಮೇಲೆ ಆ ತುಂಡು. ನಡುವೆ ಒಂದು ಹೂವು, ಐದು ಎಸಳಿನ ಬದಲು ನಾಲ್ಕೂವರೆ, ತೊಟ್ಟು ಬೇರೆ ದಿಕ್ಕಿಗೆ.

ನಿಯಮದ ಪ್ರಕಾರ ಕಳಚಿದ ತುಂಡನ್ನು ತಕ್ಷಣ ವರದಿ ಮಾಡಿ, ಸಂಖ್ಯೆ ಕೊಟ್ಟು ಎತ್ತಿಡಬೇಕು. ನಾಳೆ ಮಾಡುತ್ತೇನೆ. ಇವತ್ತು ತಲೆನೋವು.

ಮಾರ್ಚ್ ೩೦, ಭಾನುವಾರ

ದೊಡ್ಡಮ್ಮನಿಗೆ ಗೊತ್ತಾಗಿದೆ. ಯಾರೋ ಸಿಸ್ಟರ್ ಪ್ರದರ್ಶನದ ಕರಪತ್ರ ತಂದು ಖುಷಿಯಿಂದ ತೋರಿಸಿದ್ದಾರೆ. ಉಸಿರಾಟ ಕಷ್ಟವಾಗಿದೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ನಿಲ್ಲಬೇಕು.

"ನೀನೇ ಬಿಚ್ಚಿದ್ಯಾ?"

"ಒಂದು ಗೇಣು ಮಾತ್ರ ದೊಡ್ಡಮ್ಮ. ನಿನ್ನ ಕೇಳಿ ಬಿಚ್ಚಿದ್ದು."

"ಬಾಯೂ ನಾನು ಹೇಳೇ ಬಿಚ್ಚಿದ್ಯಾ?"

ನಾನು ಮಂಚದ ಸರಳು ಹಿಡಿದು ನಿಂತಿದ್ದೆ. ಗುಬ್ಬಿಗೆ ಮಾತ್ರ ಹೇಳಿದ್ದು ಅನ್ನಬೇಕೆಂದುಕೊಂಡೆ. ನಾಲಿಗೆಗೆ ಬಂದಾಗ ಅದೆಷ್ಟು ಸಣ್ಣ ಮಾತೆಂದು ತಿಳಿಯಿತು. ಅವಳೇ ಮುಂದೆ ಕೇಳಿದಳು.

"ಹೂವು ಚೆನ್ನಾಗಿದಾವಾ ಇನ್ನೂ?"

"ಇದಾವೆ. ನಿನ್ನೆ ಹಾಕಿದ ಹಾಗೆ."

"ನೋಡಿದೋರು ಏನಂತಾರೆ?"

"ಒಬ್ರು ಅಳ್ತಿದ್ರು."

"ಯಾಕಂತೆ?"

"ಗೊತ್ತಿಲ್ಲ."

"ಅವರ ಅಳು ಅವರಿಗಿರ್ಲಿ." ಕಣ್ಣು ಮುಚ್ಚಿದಳು. "ನಂದು ನಂಗೆ ತಂದ್ಕೊಡು."

ಏಪ್ರಿಲ್ ೨

ದೊಡ್ಡಮ್ಮ ಬೆಳಗ್ಗೆ ಹೋದಳು. ಪೂಜೆ ಶುಕ್ರವಾರ.

ಗುಬ್ಬಿಯ ಕೋಣೆಗೆ ಹೋದೆ. ಅವಳು ಎದ್ದು ಬಂದು ತಬ್ಬಿಕೊಂಡಳು. ನಿಜವಾಗಿಯೇ ಅತ್ತಳು, ಅವಳ ಬೆರಳಿಗೂ ದೊಡ್ಡಮ್ಮನ ಪೆಟ್ಟಿನ ನೆನಪಿದೆ. ನಾನು ತಬ್ಬಿಸಿಕೊಂಡು ನಿಂತೆ. ಆಮೇಲೆ ಶುಕ್ರವಾರಕ್ಕೆ ಪೂಜಾವಸ್ತ್ರ ಬೇಕು ಎಂದೆ.

"ಹೇಗೇ ಆಗುತ್ತೆ? ದಿನಕ್ಕೆ ಎಷ್ಟು ಜನ ಅದಕ್ಕೆ ಅಂತಾನೇ ಬರ್ತಿದಾರೆ ಗೊತ್ತಾ? ನಿರ್ದೇಶಕರು ಸುತರಾಂ ಒಪ್ಪಲ್ಲ."

"ನಾನಿದೀನಲ್ಲ ಅಂದಿದ್ದೆ ನೀನು."

"ಅಂದಿದ್ದೆ." ಮೂಗೊರೆಸಿಕೊಂಡಳು. "ಆದ್ರೆ ತೊಟ್ಟರೆ ಸೀಳುತ್ತೆ ಅಂತ ಎಲ್ಲರೆದುರು ಹೇಳಿದ್ದು ನಾನಲ್ಲವಲ್ಲೇ. ಅವರು ನಿನ್ನ ಮಾತನ್ನೇ ಹಿಡ್ಕೊಂಡಿದಾರೆ."

ಗಾಜಿನ ಪೆಟ್ಟಿಗೆಯ ಇನ್ನೊಂದು ಕೀಲಿ ನನ್ನ ಬಳಿಯೇ ಇದೆ. ಸಂಜೆಯವರೆಗೆ ಅದು ಜೇಬಿನಲ್ಲಿ ಭಾರವಾಗಿತ್ತು. ಆದರೆ ತೊಟ್ಟರೆ ಸೀಳುತ್ತದೆ. ಗುರುಗಳು ಎರಡೂ ಕೈ ಎತ್ತಿದ ಕೂಡಲೇ ಸೀಳುತ್ತದೆ. ನಾನು ಹೇಳಿದ್ದು ನಿಜ. ಅದು ಸುಳ್ಳಾಗಿದ್ದರೆ ಎಷ್ಟು ಸುಲಭವಿತ್ತು.

ಮನೆಗೆ ಬಂದು ತಗಡಿನ ಡಬ್ಬಿಯನ್ನು ಅಮ್ಮನ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು.

"ನಂದು" ಎಂದಳು. "ಅಯ್ಯೋ, ಎಷ್ಟು ಸೊಟ್ಟ."

"ಏನ್ಮಾಡ್ಲಮ್ಮ ಇದನ್ನ?"

"ಏನ್ಮಾಡ್ಲಿ ಅಂದ್ರೆ? ಅಕ್ಕಂದು, ಅಕ್ಕಂಗೆ ಕೊಡು."

ಏಪ್ರಿಲ್ ೪, ಶುಕ್ರವಾರ

ಪೂಜೆಗೆ ಮೊದಲು ಕಾನ್ವೆಂಟಿನ ಹೊಲಿಗೆ ಕೋಣೆಯಲ್ಲಿ ಕೂತೆವು, ನಾನು ಮತ್ತು ಅಮ್ಮ. ಗುರುಗಳು ತೊಡಬೇಕಾದ ಬಿಳಿ ಪೂಜಾವಸ್ತ್ರ ಮೇಜಿನ ಮೇಲಿತ್ತು. ಅಂಗಡಿಯಿಂದ ತಂದದ್ದು, ಪಾಲಿಯೆಸ್ಟರ್, ಮೆಷಿನ್ ಹೊಲಿಗೆ, ಕುತ್ತಿಗೆಯಲ್ಲಿ ಒಗೆಯುವ ಸೂಚನೆಯ ಚೀಟಿ. ಗುರುಗಳು ವಯಸ್ಸಾದವರು, ಕಿವಿ ಮಂದ. ಅರ್ಧ ಗಂಟೆ ಕೊಡಿ ಫಾದರ್ ಎಂದು ಎರಡು ಸಲ ಕೂಗಿ ಕೇಳಬೇಕಾಯಿತು. "ಅಂಚು ಬಿಚ್ಚಿಕೊಂಡಿದ್ಯಾ? ಹೊಲಿ ಹೊಲಿ. ಒಳಗೆ ಒಂದು ಫ್ಯಾನ್ ಸಿಗಿಸೋಕಾಗುತ್ತಾ ನೋಡಮ್ಮ, ಬೆಂದು ಹೋಗ್ತೀನಿ ಅದ್ರಲ್ಲಿ" ಎಂದು ಹೋದರು.

ಎಡ ಭುಜದ ಬಳಿ ಮೆಷಿನ್ ಹೊಲಿಗೆ ಬಿಚ್ಚಿದೆ. ತುಂಡನ್ನು ಜಾಲರಿಯ ಎರಡು ಪದರದ ನಡುವೆ ಇಟ್ಟು, ಹೂವಿನ ಮುಖ ಒಳಗಡೆಗೆ ಮಾಡಿ, ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಸೇರಿಸಿದೆ. ಅಮ್ಮ ಸೂಜಿಗೆ ದಾರ ಪೋಣಿಸಿಕೊಡುತ್ತೇನೆಂದು ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಒದ್ದೆ ಮಾಡಿ, ಕೊನೆಗೆ "ನೀನೇ ಹಾಕ್ಕೊ" ಎಂದು ಕೊಟ್ಟಳು. ಅವಳ ಎಂಜಲು ಹತ್ತಿದ ದಾರದಿಂದಲೇ ಹೊಲಿದೆ. ಒಂದೊಂದು ಹೊಲಿಗೆಗೂ ಒಂದು ಗಂಟು. ಕೊನೆಯಲ್ಲಿ ಎರಡು.

ಪೂಜೆಯ ಉದ್ದಕ್ಕೂ ಗುರುಗಳ ಕೈ ಆಗಾಗ ಎಡ ಭುಜದ ಕಡೆ ಹೋಗುತ್ತಿತ್ತು. ಗಂಟು ಚುಚ್ಚುತ್ತಿದ್ದಿರಬೇಕು. ಪ್ರಾರ್ಥನೆಯ ನಡುವೆ ಕೈ ಎತ್ತಿದಾಗ ಒಮ್ಮೆ ಹೆಗಲು ಕೊಡವಿಕೊಂಡರು. ಅಮ್ಮ ನನ್ನ ಮೊಣಕೈ ತಿವಿದಳು. ನಾವಿಬ್ಬರೂ ತಲೆ ತಗ್ಗಿಸಿಕೊಂಡೆವು. ಹಿಂದಿನ ಸಾಲಿನವರು ಅಳುತ್ತಿದ್ದೇವೆ ಎಂದುಕೊಂಡಿರಬಹುದು. ಆಮೇಲೆ ಅಳುವೂ ಬಂತು.

ಮುಗಿದ ಮೇಲೆ ಗುರುಗಳು ಅದನ್ನು ಕಳಚಿ ಮದರ್ ಕೈಗೆ ಕೊಟ್ಟರು. ಮದರ್ ಭುಜವನ್ನು ಸವರಿ ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಮಡಿಸಿ, ಅಲಮಾರಿಯಲ್ಲಿ ದೊಡ್ಡಮ್ಮನದು ಇದ್ದ ಜಾಗದಲ್ಲಿ ಇಟ್ಟರು.

ತುಂಡಿನ ವರದಿ ಇನ್ನೂ ಬರೆದಿಲ್ಲ.

ಏಪ್ರಿಲ್ ೧೪, ಸೋಮವಾರ

ವಾರದ ರಜೆಯ ದಿನ. ಪ್ರದರ್ಶನದ ವಸ್ತುಗಳ ತಪಾಸಣೆ. ಮೇಡಂ ಟಾರ್ಚ್ ಹಿಡಿದು ಜೊತೆಗೆ ಬಂದರು. ಬಿಳಿಯದರ ಮುಂದೆ ಬಂದಾಗ ಬೆಳಕನ್ನು ಎಡ ಭುಜದ ಮೇಲೆ ನಿಲ್ಲಿಸಿದರು.

"ಇಲ್ಲೊಂದು ತುಂಡು ಇಲ್ವಲ್ಲೇ. ನಿನ್ನ ಮೊದಲಿನ ವರದಿಯಲ್ಲಿ ಇತ್ತು ಅಲ್ವಾ?"

"ಮಗುಚುವಾಗ ಬಿದ್ದಿರ್ಬೇಕು ಮೇಡಂ. ಗುಡಿಸಿರ್ತಾರೆ."

"ಯಾರೂ ಇಲ್ವಲ್ಲ, ಯಾಕೆ ಮೇಡಂ ಅಂತೀಯ?" ಟಾರ್ಚ್ ಆರಿಸಿದರು. "ನಿಂಗೆ ಸಿಗ್ಲಿಲ್ವಾ ಅದು?"

"ಇಲ್ಲ."

ನನ್ನ ಮುಖ ನೋಡಿದರು. ನಾನಲ್ಲದೆ ಬೇರೆಯವರಾಗಿದ್ದರೆ ಮತ್ತೊಮ್ಮೆ ಕೇಳುತ್ತಿದ್ದರೇನೋ. ಮುಂದಿನ ಗಾಜಿನ ಕಡೆ ನಡೆದರು.

ಕೋಣೆಗೆ ಬಂದು ವರದಿ ತೆರೆದು, ಎಡ ಭುಜದಲ್ಲಿ ಒಂದು ತುಂಡು ಕಾಣೆ, ಪತ್ತೆಯಾಗಿಲ್ಲ ಎಂದು ಬರೆದು ಸಹಿ ಹಾಕಿದೆ. ಕೈಬರಹ ಎಂದಿನಂತೆ ನೆಟ್ಟಗಿತ್ತು. ಆಮೇಲೆ ಬಾಗಿಲಾಚೆ ಇಟ್ಟಿದ್ದ ಚಹಾ ಕುಡಿದೆ. ಇನ್ನೂ ಬಿಸಿಯಿತ್ತು.